ಸಿಎ-125 ಮಾಡಿಸಬೇಕು ಎಂದು ಬರುವವರಿಗೆ

ಕಾಫಿ ಕೊಯ್ಲು ಮುಗಿದು, ಮೂಟೆ ಮಾರಿ, ಬ್ಯಾಂಕಿನ ಬೆಳೆಸಾಲ ಕಟ್ಟಿದ ಮೇಲೂ ಕೈಯಲ್ಲಿ ಒಂದಷ್ಟು ಉಳಿದರೆ ನಮ್ಮ ಸೋಮವಾರಪೇಟೆ ಕಡೆಯವರು ಮಾಡುವ ಖರ್ಚಿನ ಪಟ್ಟಿಗೆ ಈಚೆಗೆ ಹೊಸದೊಂದು ಸೇರಿಕೊಂಡಿದೆ. ಫುಲ್ ಬಾಡಿ ಚೆಕಪ್. ನಾನು ಇಲ್ಲಿನ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಶುಗರ್, ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಇಲ್ಲೇ ನೋಡುತ್ತೇವೆ. ನಮ್ಮ ಮಿಷನ್ನಿಗೆ ಆಗದ್ದನ್ನು ಐಸ್ ಬಾಕ್ಸಿನಲ್ಲಿಟ್ಟು ಸಂಜೆ ಬಸ್ಸಿಗೆ ಮೈಸೂರಿಗೆ ಕಳಿಸುತ್ತೇವೆ. ಫೆಬ್ರುವರಿಯಿಂದ ಯುಗಾದಿವರೆಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬೆಂಚಿನ ತುಂಬ ಜನ.

ಅವರಲ್ಲಿ ನಲವತ್ತು ದಾಟಿದ ಹೆಂಗಸರು ಗಂಡ ಆಚೆ ಫೋನಿನಲ್ಲಿ ಮಾತಾಡುತ್ತಿರುವಾಗ ಕೌಂಟರಿಗೆ ಬಗ್ಗಿ ಮೆಲ್ಲಗೆ ಕೇಳುತ್ತಾರೆ: "ಅಕ್ಕಾ, ಗರ್ಭಕೋಶದ ಕ್ಯಾನ್ಸರಿಗೆ ರಕ್ತದ ಟೆಸ್ಟ್ ಇದೆಯಂತಲ್ಲ, ಅದನ್ನೂ ಸೇರಿಸಿಬಿಡಿ." ಅವರು ಹೇಳುವುದು ಸಿಎ-125. ವಾಟ್ಸಾಪಿನಲ್ಲಿ ಓಡಾಡುವ ಪ್ಯಾಕೇಜುಗಳ ಪಟ್ಟಿಯಲ್ಲಿ ಅದು ಇರುತ್ತದೆ. ಪ್ಯಾಕೇಜಿಗೆ ತೂಕ ಬರುವುದೇ ಅದರಿಂದ.

ನಾನು ಸಾಮಾನ್ಯವಾಗಿ ಬೇಡ ಎನ್ನುತ್ತೇನೆ. ಲ್ಯಾಬಿನ ಯಜಮಾನರಿಗೆ ಇದು ಸರಿ ಬರುವುದಿಲ್ಲ. ಬಾಗಿಲಿಗೆ ಬಂದ ಗಿರಾಕಿಯನ್ನು ವಾಪಸ್ ಕಳಿಸುವ ಕೆಲಸದವಳು ಯಾರಿಗೆ ಬೇಕು? ಆದರೆ ಯಾಕೆ ಬೇಡ ಎಂಬುದನ್ನು ಕೌಂಟರಿನಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು, ಸಿಎ-125 ಗರ್ಭಕೋಶದ ಟೆಸ್ಟ್ ಅಲ್ಲ. ನಾವು ಒಟ್ಟಾಗಿ ಗರ್ಭಕೋಶದ ಕ್ಯಾನ್ಸರ್ ಎನ್ನುವುದರೊಳಗೆ ಮುಖ್ಯವಾಗಿ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಅಂಡಾಶಯದ್ದು ಒಂದು, ಗರ್ಭಕೋಶದ ಒಳಪದರದ್ದು ಒಂದು, ಗರ್ಭಕಂಠದ್ದು ಒಂದು. ಕಾರಣ ಬೇರೆ, ಹಿಡಿಯುವ ದಾರಿ ಬೇರೆ, ಮದ್ದೂ ಬೇರೆ. ಸಿಎ-125 ಅಂಡಾಶಯದ ಕ್ಯಾನ್ಸರಿನ ಜೊತೆ ಹೆಸರು ಸೇರಿಸಿಕೊಂಡ ಪ್ರೋಟೀನು. ಅಮೆರಿಕದ ಬಾಸ್ಟನ್‌ನಲ್ಲಿ ರಾಬರ್ಟ್ ಬಾಸ್ಟ್ ಎಂಬ ವೈದ್ಯರ ತಂಡ 1981ರಲ್ಲಿ ಇದನ್ನು ಗುರುತಿಸುವ ಆಂಟಿಬಾಡಿಯನ್ನು ತಯಾರಿಸಿತು. 1983ರಲ್ಲಿ ಅದರ ರಕ್ತಪರೀಕ್ಷೆಯ ವರದಿ ಬಂತು. 888 ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರಿಗೆ ಮಾತ್ರ ಅದು 35ಕ್ಕಿಂತ ಮೇಲಿತ್ತು. ಅಂಡಾಶಯದ ಕ್ಯಾನ್ಸರ್ ಇದ್ದ 101 ಹೆಂಗಸರಲ್ಲಿ 83 ಮಂದಿಗೆ 35 ದಾಟಿತ್ತು. ನಮ್ಮ ರಿಪೋರ್ಟಿನಲ್ಲಿ ನಾರ್ಮಲ್ ಎಂದು ಅಚ್ಚಾಗುವ 35 ಅಲ್ಲಿಂದ ಬಂದದ್ದು.

ಇಷ್ಟು ಓದಿದರೆ ಯಾರಿಗಾದರೂ ಅನಿಸುತ್ತದೆ, ಹಾಗಿದ್ದರೆ ಎಲ್ಲ ಹೆಂಗಸರಿಗೂ ವರ್ಷಕ್ಕೊಮ್ಮೆ ಮಾಡಿಬಿಡಬಹುದಲ್ಲ ಎಂದು. ಬ್ರಿಟನ್ನಿನವರು ಮಾಡಿಯೇ ನೋಡಿದರು. 2001ರಿಂದ 2005ರವರೆಗೆ 50ರಿಂದ 74 ವರ್ಷದ 2,02,638 ಹೆಂಗಸರನ್ನು ಸೇರಿಸಿಕೊಂಡು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಪ್ರತಿವರ್ಷ ಸಿಎ-125, ಅದು ಏರುತ್ತಿದ್ದರೆ ಸ್ಕ್ಯಾನಿಂಗ್. ಇನ್ನೊಂದಕ್ಕೆ ಪ್ರತಿವರ್ಷ ಸ್ಕ್ಯಾನಿಂಗ್. ಮೂರನೆಯದಕ್ಕೆ ಏನೂ ಇಲ್ಲ. ಉಷಾ ಮೆನನ್ ಅವರ ಮುಂದಾಳತ್ವದಲ್ಲಿ 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕೊನೆಯ ಲೆಕ್ಕ ಬಂತು. ರಕ್ತಪರೀಕ್ಷೆಯ ಗುಂಪಿನಲ್ಲಿ ಹೆಚ್ಚು ಕ್ಯಾನ್ಸರುಗಳು ಮೊದಲ ಹಂತದಲ್ಲೇ ಸಿಕ್ಕವು, ನಿಜ. ಆದರೆ ಸಾವಿನ ಲೆಕ್ಕದಲ್ಲಿ ಮೂರು ಗುಂಪಿಗೂ ವ್ಯತ್ಯಾಸವಿರಲಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ಅರಗಲಿಲ್ಲ. ಬೇಗ ಸಿಕ್ಕರೆ ಬದುಕು ಎಂದು ಪೋಸ್ಟರ್ ಅಂಟಿಸಿಕೊಂಡೇ ಕೆಲಸ ಮಾಡುವವರು ನಾವು. ಬೇಗ ಸಿಕ್ಕಿದ್ದೂ ನಿಜ, ಬದುಕು ಉದ್ದವಾಗದ್ದೂ ನಿಜ ಎಂದರೆ ಏನು ಮಾಡುವುದು?

ಅದರ ಮೇಲೆ, ಈ ಪ್ರೋಟೀನು ಕ್ಯಾನ್ಸರಿಗೆ ಮಾತ್ರ ಏರುವುದಲ್ಲ. ಮುಟ್ಟಿನ ದಿನಗಳಲ್ಲಿ ಏರುತ್ತದೆ. ಬಸುರಿಯಲ್ಲಿ ಏರುತ್ತದೆ. ಗರ್ಭಕೋಶದ ಸಾದಾ ಗಡ್ಡೆಯಾದ ಫೈಬ್ರಾಯ್ಡ್, ಒಳಪದರದಂಥದ್ದೇ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇದ್ದರೆ ಏರುತ್ತದೆ. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದರೆ ಏರುತ್ತದೆ, ಗಂಡಸರಲ್ಲಿ ಕೂಡ. ಇನ್ನೊಂದು ಕಡೆ, ಮೊದಲ ಹಂತದ ಅಂಡಾಶಯದ ಕ್ಯಾನ್ಸರ್ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಏರುವುದೇ ಇಲ್ಲ.

ನಮ್ಮ ದೇಶದಲ್ಲಿ ಇದು ಏರುವುದಕ್ಕೆ ಇನ್ನೊಂದು ಕಾರಣವೂ ಇದೆ, ಇಂಗ್ಲಿಷರ ಲೆಕ್ಕದಲ್ಲಿ ಅಷ್ಟಾಗಿ ಬಾರದ್ದು. ಕೆಲವು ವರ್ಷಗಳ ಹಿಂದೆ ಶಾಂತಳ್ಳಿ ಕಡೆಯ ತೋಟವೊಂದರ ಲೈನ್‌ಮನೆಯಿಂದ, ಅಂದರೆ ಕೂಲಿಯವರ ಸಾಲುಮನೆಯಿಂದ, ಒಬ್ಬಳು ಹೆಣ್ಣುಮಗಳು ಬಂದಿದ್ದಳು. ಇಪ್ಪತ್ತೈದು ದಾಟಿರಲಿಲ್ಲ. ಹೊಟ್ಟೆ ಉಬ್ಬಿತ್ತು, ಮೈ ಕರಗಿತ್ತು. ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯೊಳಗೆ ನೀರು, ಅಂಡಾಶಯದ ಪಕ್ಕ ಗಡ್ಡೆಯಂಥದ್ದು. ಸಿಎ-125 ಐನೂರು ದಾಟಿ ಬಂತು. ರಿಪೋರ್ಟ್ ಕೈಗೆ ಕೊಟ್ಟ ದಿನ ಅವಳ ಅತ್ತೆ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಎದೆ ಬಡಿದುಕೊಂಡು ಅತ್ತರು. ಮೈಸೂರಿನಲ್ಲಿ ಲ್ಯಾಪರೋಸ್ಕೋಪಿಯಲ್ಲಿ ಚೂರು ತೆಗೆದು ನೋಡಿದರೆ ಹೊಟ್ಟೆಯ ಕ್ಷಯ. ಟಿಬಿ. ಆರು ತಿಂಗಳು ಸರ್ಕಾರಿ ಆಸ್ಪತ್ರೆಯ ಪುಕ್ಕಟೆ ಮಾತ್ರೆ ನುಂಗಿ ಹುಷಾರಾದಳು. ಈಗ ಎರಡು ಮಕ್ಕಳ ತಾಯಿ, ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಬಂದು ನನಗೆ ತೋರಿಸಿ ಹೋಗುತ್ತಾಳೆ. ಚೂರು ತೆಗೆದು ನೋಡದೆ ಬರೀ ಆ ಅಂಕಿ ಹಿಡಿದು ಹೊಟ್ಟೆ ಕೊಯ್ದಿದ್ದರೆ?

ಹಾಗೆಂದು ಸಿಎ-125 ಕೆಲಸಕ್ಕೆ ಬಾರದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೇ ಅದರ ಉಪಯೋಗ ನೋಡಿದ್ದೇನೆ.

ನನ್ನ ಚಿಕ್ಕಮ್ಮ, ಅಮ್ಮನ ತಂಗಿ, ಗಂಡ ತೀರಿಕೊಂಡ ಮೇಲೆ ತೋಟವನ್ನು ಒಬ್ಬರೇ ನೋಡಿಕೊಂಡವರು. ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವುದರಿಂದ ಹಿಡಿದು ಮೋಟಾರ್ ರಿಪೇರಿ ಮಾಡಿಸುವವರೆಗೆ ಎಲ್ಲ ಅವರದೇ. ಒಂದು ಮಳೆಗಾಲ ಹೊಟ್ಟೆ ಉಬ್ಬರಿಸುತ್ತದೆ, ಎರಡು ತುತ್ತಿಗೇ ಸಾಕೆನಿಸುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕು ಎನ್ನುತ್ತಿದ್ದರು. ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ, ಮೆಡಿಕಲ್ ಶಾಪಿನ ಮಾತ್ರೆ. ಅಂಡಾಶಯದ ಕ್ಯಾನ್ಸರ್ ಬರುವುದೇ ಹೀಗೆ, ಗ್ಯಾಸಿನ ವೇಷದಲ್ಲಿ. ಐವತ್ತು ದಾಟಿದ ಹೆಂಗಸಿಗೆ ಇಂಥದ್ದು ಹೊಸದಾಗಿ ಶುರುವಾಗಿ ವಾರಗಟ್ಟಲೆ ಬಿಡದಿದ್ದರೆ, ಆಗ ಸಿಎ-125 ಮತ್ತು ಸ್ಕ್ಯಾನಿಂಗ್ ಎರಡನ್ನೂ ಮಾಡಿಸಬೇಕು. ಲಕ್ಷಣವಿದ್ದವರಿಗೆ ಮಾಡುವುದು ಬೇರೆ, ಏನೂ ಇಲ್ಲದವರಿಗೆ ಪ್ಯಾಕೇಜಿನಲ್ಲಿ ಸೇರಿಸುವುದು ಬೇರೆ.

ಚಿಕ್ಕಮ್ಮನದು ಮೂರನೆಯ ಹಂತ. ಅಂಕಿ ಸಾವಿರ ದಾಟಿತ್ತು. ಮೈಸೂರಿನಲ್ಲಿ ಮೂರು ಕೀಮೋ, ಆಮೇಲೆ ದೊಡ್ಡ ಆಪರೇಷನ್, ಮತ್ತೆ ಮೂರು ಕೀಮೋ. ಕಾರ್ಬೋಪ್ಲಾಟಿನ್, ಪ್ಯಾಕ್ಲಿಟಾಕ್ಸೆಲ್. ಈ ಎರಡನೆಯದು ಅಮೆರಿಕದ ಪಶ್ಚಿಮ ಕರಾವಳಿಯ ಯೂ ಎಂಬ ಮರದ ತೊಗಟೆಯಲ್ಲಿ ಸಿಕ್ಕಿದ ಮದ್ದು. ಅಲ್ಲಿ 1992ರಲ್ಲಿ ಇದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದೂ ಅಂಡಾಶಯದ ಕ್ಯಾನ್ಸರಿಗೇ. ಚಿಕ್ಕಮ್ಮನಿಗೆ ಹೇಳಿದೆ. "ನಮ್ಮ ಕಾಡಲ್ಲಿ ಅಂಥದ್ದು ಯಾವುದೂ ಇಲ್ವಾ?" ಎಂದರು. ಇದೆ. ನೊಥಾಪೊಡೈಟಿಸ್ ಎಂಬ ಪಶ್ಚಿಮ ಘಟ್ಟದ ಸಣ್ಣ ಮರವೊಂದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಇರುವುದನ್ನು ಟಿ. ಆರ್. ಗೋವಿಂದಾಚಾರಿ ಅವರ ತಂಡ 1972ರಲ್ಲಿ ತೋರಿಸಿತು. ಆ ವಸ್ತುವಿನಿಂದ ಮಾಡುವ ಟೊಪೊಟೆಕಾನ್ ಅನ್ನು ಅಂಡಾಶಯ, ಗರ್ಭಕಂಠ ಎರಡರ ಕ್ಯಾನ್ಸರಿಗೂ ಕೊಡುತ್ತಾರೆ. ಇದು ಗೊತ್ತಾದದ್ದೇ ತಡ, ಘಟ್ಟದುದ್ದಕ್ಕೂ ಆ ಮರಕ್ಕೆ ಕೊಡಲಿ ಬಿತ್ತು ಎಂಬುದು ಬೇರೆ ಕಥೆ.

ಪ್ಯಾಕ್ಲಿಟಾಕ್ಸೆಲ್‌ನಿಂದ ಚಿಕ್ಕಮ್ಮನ ಬೆರಳ ತುದಿಗಳು ಜೋಮು ಹಿಡಿದವು. ರವಿಕೆಯ ಹುಕ್ಕು ಹಾಕಲು ಆಗುತ್ತಿರಲಿಲ್ಲ. ಕಣದಲ್ಲಿ ಒಣಗಿದ ಮೆಣಸನ್ನು ಮುಷ್ಟಿಯಲ್ಲಿ ಉಜ್ಜಿ ನೋಡಿ ಹದ ಹೇಳುತ್ತಿದ್ದವರು, ಹಲ್ಲಿನಲ್ಲಿ ಕಚ್ಚಿ ನೋಡಿ ಹೇಳುವುದನ್ನು ಕಲಿತರು.

ಕೊಡಗಿನ ತೋಟದವರಿಗೆ ಮಳೆ ಅಳೆಯುವುದು ಒಂದು ವ್ರತ. ಬೆಳಗ್ಗೆ ಎದ್ದು ಅಂಗಳದ ಅಳತೆಡಬ್ಬಿಯ ನೀರು ನೋಡಿ ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡುತ್ತಾರೆ, ಅಜ್ಜನ ಕಾಲದ ಪುಸ್ತಕಗಳೂ ಮನೆಯಲ್ಲಿ ಇರುತ್ತವೆ. ಚಿಕ್ಕಮ್ಮ ತಮ್ಮ ಸಿಎ-125 ಅನ್ನೂ ಅದೇ ಪುಸ್ತಕದ ಬಲಗಡೆ ಕೆಂಪು ಪೆನ್ನಿನಲ್ಲಿ ಬರೆಯತೊಡಗಿದರು. ಕೀಮೋ ಮುಗಿದಾಗ 14. ಮೂರು ತಿಂಗಳಿಗೊಮ್ಮೆ ನಾನೇ ರಕ್ತ ತೆಗೆದು ಕಳಿಸುತ್ತಿದ್ದೆ. 11, 13, 12. ಒಮ್ಮೆ 19 ಬಂತು. 35ರ ಒಳಗೇ ಇದೆ, ಏನೂ ಆಗಿಲ್ಲ ಎಂದು ಎಷ್ಟು ಹೇಳಿದರೂ ನಿದ್ದೆ ಹೋಯಿತು. ಆ ಸಲ ಬಸ್ ತಪ್ಪಿ ಮಾದರಿಯನ್ನು ಬೇರೊಂದು ಲ್ಯಾಬಿಗೆ ಕಳಿಸಿದ್ದೆವು. ಒಂದೊಂದು ಕಂಪನಿಯ ಮಿಷನ್ನು ಒಂದೊಂದು ಅಂಕಿ ಕೊಡುತ್ತದೆ, ಅದಕ್ಕೇ ಸಿಎ-125 ಅನ್ನು ಯಾವಾಗಲೂ ಒಂದೇ ಕಡೆ ಮಾಡಿಸಬೇಕು. ಇದು ಯಾವ ಪ್ಯಾಕೇಜಿನ ಕಾಗದದಲ್ಲೂ ಬರೆದಿರುವುದಿಲ್ಲ. ಮುಂದಿನ ಸಲ ಮತ್ತೆ 12.

ಅದಾದ ಮೇಲೆ ಒಂದು ಸಲ ನಾನೂ ಅವರ ಜೊತೆ ಮೈಸೂರಿಗೆ ಹೋದೆ. ರಕ್ತ ನೋಡುತ್ತಾ ಇರಲೇಬೇಕಾ ಎಂದು ಚಿಕ್ಕಮ್ಮ ನೇರವಾಗಿ ಕೇಳಿದರು. ಡಾಕ್ಟರು ಒಳ್ಳೆಯವರು, ಕುರ್ಚಿ ಎಳೆದುಕೊಂಡು ಕೂತು ಒಂದು ಅಧ್ಯಯನದ ವಿಷಯ ಹೇಳಿದರು. ಅದನ್ನು ಆಮೇಲೆ ನಾನೂ ಹುಡುಕಿ ಓದಿದೆ. ಗಾರ್ಡನ್ ರಸ್ಟಿನ್ ಎಂಬವರು ನಡೆಸಿದ್ದು, 2010ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದದ್ದು. ಚಿಕಿತ್ಸೆ ಮುಗಿದು ಸಿಎ-125 ಇಳಿದ ಹೆಂಗಸರಿಗೆ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿದರು, ಆದರೆ ಅಂಕಿಯನ್ನು ರೋಗಿಗೂ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಮಿತಿಯ ಎರಡರಷ್ಟು ದಾಟಿದ 529 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ಅಂಕಿ ತಿಳಿಸಿ ಕೂಡಲೇ ಕೀಮೋ. ಇನ್ನೊಂದು ಪಾಲಿನವರಿಗೆ ಹೇಳದೆ, ದೇಹವೇ ತೊಂದರೆ ತೋರಿಸಿದಾಗ ಕೀಮೋ. ಮೊದಲ ಪಾಲಿನವರು ಸುಮಾರು ಐದು ತಿಂಗಳು ಮುಂಚೆಯೇ ಕೀಮೋ ಶುರು ಮಾಡಿದರು. ಬದುಕಿದ ಕಾಲ ಮಾತ್ರ ಹೆಚ್ಚಲಿಲ್ಲ. ಮೊದಲ ಪಾಲಿಗೆ 25.7 ತಿಂಗಳು, ಎರಡನೆಯದಕ್ಕೆ 27.1. ಬೇಗ ಗೊತ್ತಾದವರಿಗೆ ಸಿಕ್ಕಿದ್ದು ಐದು ತಿಂಗಳ ಹೆಚ್ಚಿನ ವಾಂತಿ, ಸುಸ್ತು ಮತ್ತು ಭಯ.

ಡಾಕ್ಟರು ಇನ್ನೊಂದು ಮಗ್ಗುಲನ್ನೂ ಹೇಳಿದರು. ಆ ಅಧ್ಯಯನದ ಕಾಲಕ್ಕೆ ಈಗಿನ ಮಾತ್ರೆಗಳಿರಲಿಲ್ಲ. ಮರುಕಳಿಸಿದ ಗಡ್ಡೆಯನ್ನು ಪೂರ್ತಿ ತೆಗೆಯಲು ಆಗುವಂಥ ಕೆಲವರಿಗೆ ಎರಡನೆಯ ಆಪರೇಷನ್‌ನಿಂದ ಆಯಸ್ಸು ಹೆಚ್ಚುತ್ತದೆ ಎಂದು 2021ರ ಡೆಸ್ಕ್‌ಟಾಪ್-3 ಅಧ್ಯಯನ ತೋರಿಸಿದೆ: 46 ತಿಂಗಳಿದ್ದದ್ದು 53.7 ಆಗಿತ್ತು. ಅಂಥವರಲ್ಲಿ ಮುಂಚೆ ಗೊತ್ತಾಗುವುದು ಒಳ್ಳೆಯದೇ ಎನ್ನುವ ವೈದ್ಯರಿದ್ದಾರೆ. ಅವರವರಲ್ಲೇ ಒಮ್ಮತವಿಲ್ಲ. ನೀವೇ ತೀರ್ಮಾನ ಮಾಡಿ, ಯಾವುದಾದರೂ ತಪ್ಪಲ್ಲ ಎಂದರು.

ಬಸ್ಸಿನಲ್ಲಿ ಹುಣಸೂರು ದಾಟುವವರೆಗೆ ಚಿಕ್ಕಮ್ಮ ಮಾತಾಡಲಿಲ್ಲ. ಆಮೇಲೆ ಹೇಳಿದರು: "ಮಳೆ ಅಳೆದರೆ ಮಳೆ ಕಮ್ಮಿ ಆಗಲ್ಲ ಮಗಾ. ಆದರೆ ಗೊಬ್ಬರ ಯಾವಾಗ ಹಾಕಬೇಕು, ಔಷಧಿ ಯಾವಾಗ ಹೊಡೀಬೇಕು ಅಂತ ಗೊತ್ತಾಗ್ತದೆ. ಇದನ್ನ ಅಳೆದು ನಾನು ನಾಳೆ ಬೆಳಗ್ಗೆ ಏನು ಬೇರೆ ಮಾಡ್ತೀನಿ, ಹೇಳು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅವರು ಮೂರು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸುವುದನ್ನು ಇಟ್ಟುಕೊಂಡು, ರಕ್ತ ಕೊಡುವುದನ್ನು ಏನಾದರೂ ಅನಿಸಿದಾಗ ಮಾತ್ರ ಎಂದು ಮಾಡಿಕೊಂಡರು. ಎಲ್ಲರೂ ಹೀಗೇ ಮಾಡಬೇಕು ಎಂದು ನಾನು ಹೇಳುವುದಿಲ್ಲ. ಅಂಕಿ ನೋಡಿದರೇ ನಿದ್ದೆ ಬರುವವರೂ ಇದ್ದಾರೆ.

ಆದರೆ ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಾಡುವ ಪ್ರತಿ ಟೆಸ್ಟಿಗೂ ಈಗ ಅದನ್ನೇ ಕೇಳುತ್ತೇನೆ. ಬೀಟಾ ಎಚ್‌ಸಿಜಿ ನೋಡಿ. ಬಸುರಿ ಹೌದೋ ಅಲ್ಲವೋ ನೋಡುವ ಹಾರ್ಮೋನು. ಗರ್ಭದಲ್ಲಿ ಮಗುವಿನ ಬದಲು ನೀರಿನ ಗುಳ್ಳೆಗಳು ಬೆಳೆಯುವ ಮೋಲಾರ್ ಗರ್ಭ ತೆಗೆಸಿಕೊಂಡವರಿಗೂ, ಅದರಿಂದ ಕೆಲವರಿಗೆ ಬರುವ ಕ್ಯಾನ್ಸರಿಗೂ ಇದೇ ಅಳತೆ. 1956ರಲ್ಲಿ ಅಮೆರಿಕದಲ್ಲಿ ಮಿನ್ ಚಿಯು ಲಿ ಎಂಬ ಚೀನಾ ಮೂಲದ ವೈದ್ಯರು ರಾಯ್ ಹರ್ಟ್ಸ್ ಜೊತೆ ಸೇರಿ ಮೆಥೊಟ್ರೆಕ್ಸೇಟ್ ಎಂಬ ಮದ್ದಿನಿಂದ ಆ ಕ್ಯಾನ್ಸರನ್ನು ಗುಣಪಡಿಸಿದರು. ಗಡ್ಡೆ ಕಾಣದಂತಾದ ಮೇಲೂ ಹಾರ್ಮೋನು ಪೂರ್ತಿ ಇಳಿಯುವವರೆಗೆ ಲಿ ಮದ್ದು ನಿಲ್ಲಿಸಲಿಲ್ಲ. ಸುಮ್ಮನೆ ವಿಷ ಹಾಕುತ್ತಿದ್ದಾರೆ ಎಂದು ಅವರನ್ನು ಕೆಲಸದಿಂದಲೇ ಬಿಡಿಸಿದರು. ಅಂಕಿ ನೋಡಿಕೊಂಡು ಮದ್ದು ಮುಂದುವರಿಸಿದವರು ಉಳಿದರು, ಮೊದಲೇ ನಿಲ್ಲಿಸಿದವರಿಗೆ ಮರುಕಳಿಸಿತು. 1972ರಲ್ಲಿ ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಅಲ್ಲಿ ಅಂಕಿ ಹೇಳಿದಂತೆ ಕೆಲಸ ನಡೆಯುತ್ತದೆ. ಬಸ್ ದೂರ, ಮಳೆ ಜೋರು ಎಂದು ಎಚ್‌ಸಿಜಿ ತಪ್ಪಿಸಿಕೊಳ್ಳುವ ಹೆಣ್ಣುಮಕ್ಕಳಿಗೆ ನಾನೇ ಫೋನ್ ಮಾಡಿ ಬೈಯುತ್ತೇನೆ.

ಚಿಕ್ಕಮ್ಮನ ವಿಷಯದಲ್ಲಿ ನಿಜವಾಗಿ ಕೆಲಸ ಬದಲಿಸಿದ ಟೆಸ್ಟ್ ಸಿಎ-125 ಅಲ್ಲ, ಬಿಆರ್‌ಸಿಎ. ಹುಟ್ಟಿನಿಂದ ಬರುವ ಜೀನಿನ ದೋಷ ನೋಡುವಂಥದ್ದು. ಅವರಿಗೆ ಬಿಆರ್‌ಸಿಎ-1ರಲ್ಲಿ ದೋಷ ಇತ್ತು. ಅಂಥವರ ಕ್ಯಾನ್ಸರಿನ ಜೀವಕೋಶಗಳಿಗೆ ಡಿಎನ್‌ಎ ರಿಪೇರಿ ಮಾಡಿಕೊಳ್ಳುವ ಒಂದು ದಾರಿ ಆಗಲೇ ಮುಚ್ಚಿರುತ್ತದೆ. ಓಲಾಪಾರಿಬ್ ಮಾತ್ರೆ ಇನ್ನೊಂದು ದಾರಿಯನ್ನೂ ಮುಚ್ಚುತ್ತದೆ. ಕೀಮೋ ಮುಗಿದ ಮೇಲೆ ಎರಡು ವರ್ಷ ಅದನ್ನು ತೆಗೆದುಕೊಂಡವರಲ್ಲಿ ಮರುಕಳಿಸುವ ಅಥವಾ ಸಾಯುವ ಅಪಾಯ ನೂರಕ್ಕೆ 70ರಷ್ಟು ಕಡಿಮೆಯಾಯಿತು ಎಂದು 2018ರ ಸೋಲೊ-1 ಅಧ್ಯಯನ ಹೇಳಿತು. ಏಳು ವರ್ಷದ ಲೆಕ್ಕದಲ್ಲಿ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 67 ಮಂದಿ ಉಳಿದಿದ್ದರೆ, ತೆಗೆದುಕೊಳ್ಳದವರಲ್ಲಿ 46.5. ಮಾತ್ರೆಯ ಬೆಲೆ ಮಾತ್ರ ಕೇಳಬೇಡಿ. ಎರಡು ಕಾಫಿ ಬೆಳೆ ಅದಕ್ಕೇ ಹೋಯಿತು, ಪುಣ್ಯಕ್ಕೆ ಆಗ ರೇಟಿತ್ತು.

ಈ ಟೆಸ್ಟ್ ಒಬ್ಬರಿಗೆ ಮಾಡಿದರೆ ಮನೆಯವರಿಗೆಲ್ಲ ಮಾಡಿದ ಹಾಗೆ. ಒಡಹುಟ್ಟಿದವರಿಗೂ ಮಕ್ಕಳಿಗೂ ಅದೇ ದೋಷ ಇರುವ ಸಂಭವ ಅರ್ಧಕ್ಕರ್ಧ. ಬಿಆರ್‌ಸಿಎ-1 ದೋಷವಿರುವ ಹೆಂಗಸರಲ್ಲಿ ನೂರಕ್ಕೆ ಸುಮಾರು 44 ಮಂದಿಗೆ ಎಂಬತ್ತು ವರ್ಷದೊಳಗೆ ಅಂಡಾಶಯದ ಕ್ಯಾನ್ಸರ್ ಬರುತ್ತದೆ. ಅಮ್ಮನಿಗೆ ಮಾಡಿಸಿದೆವು, ಇರಲಿಲ್ಲ. ಅಲ್ಲಿಗೆ ಆ ಕಡೆಯಿಂದ ನನಗೂ ಇಲ್ಲ ಎಂದಾಯಿತು. ಚಿಕ್ಕಮ್ಮನ ಮಗಳು ರಕ್ತ ಕೊಡಲು ಬಹಳ ದಿನ ತೆಗೆದುಕೊಂಡಳು. ಅವಳ ರಿಪೋರ್ಟಿನಲ್ಲಿ ಏನು ಬಂತು, ಅವಳು ಏನು ತೀರ್ಮಾನ ಮಾಡಿದಳು ಎಂಬುದು ಅವಳದ್ದು, ಇಲ್ಲಿ ಬರೆಯುವುದಿಲ್ಲ.

ಈ ದೋಷವಿರುವವರು ಮುಂಜಾಗ್ರತೆಗೆ ತೆಗೆಸಿಕೊಂಡ ಅಂಗಗಳನ್ನು ಮೈಕ್ರೋಸ್ಕೋಪಿನಡಿ ನೋಡುತ್ತಾ ಹೋದಾಗ ವಿಜ್ಞಾನಿಗಳಿಗೆ ಸಿಕ್ಕ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 2001ರಲ್ಲಿ ನೆದರ್ಲೆಂಡ್ಸ್‌ನವರು ಮೊದಲು ಬರೆದದ್ದು. ಅಂಡಾಶಯದ್ದು ಎಂದು ಕರೆಯುವ ಈ ಕ್ಯಾನ್ಸರಿನ ಹೆಚ್ಚಿನ ಪಾಲು ಶುರುವಾಗುವುದು ಅಂಡಾಶಯದಲ್ಲಲ್ಲ, ಅಂಡನಾಳದ ತುದಿಯಲ್ಲಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2010ರಿಂದ, ಫೈಬ್ರಾಯ್ಡಿಗೋ ಮತ್ತೊಂದಕ್ಕೋ ಗರ್ಭಕೋಶ ತೆಗೆಯುವಾಗ ಅಂಡಾಶಯ ಉಳಿಸಿ ನಾಳಗಳನ್ನೂ ತೆಗೆದುಬಿಡಿ ಎಂದು ಸರ್ಜನ್ನರಿಗೆ ಹೇಳುತ್ತಿದ್ದಾರೆ. ನಮ್ಮಲ್ಲಿ ಗರ್ಭಕೋಶ ತೆಗೆಸುವುದಕ್ಕೇನೂ ಬರವಿಲ್ಲ, ಅನಗತ್ಯವಾಗಿ ತೆಗೆಸುವುದೂ ಹೆಚ್ಚೇ. ಹೇಗೂ ತೆಗೆಸುವುದೇ ಎಂದು ತೀರ್ಮಾನವಾಗಿದ್ದರೆ ನಾಳದ ವಿಷಯವನ್ನು ಡಾಕ್ಟರಲ್ಲಿ ಕೇಳಿ.

ಇನ್ನು ನನಗೆ ಕೋಪ ಬರುವ ವಿಷಯ. ಏನೂ ಇಲ್ಲದವರನ್ನು ಹಿಡಿದು ನೋಡಿ, ಸಾವನ್ನು ನಿಜವಾಗಿ ತಪ್ಪಿಸುವ ಟೆಸ್ಟ್ ಒಂದಿದೆ, ಅದನ್ನು ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲ. ಅದು ಗರ್ಭಕಂಠದ್ದು. ಭಾರತದಲ್ಲಿ 2022ರ ಅಂದಾಜಿನಂತೆ ವರ್ಷಕ್ಕೆ 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತದೆ, ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. ಇದರ ಕಾರಣ ಎಚ್‌ಪಿವಿ ಎಂಬ ವೈರಸ್ ಎಂದು ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ 1983-84ರಲ್ಲೇ ತೋರಿಸಿ, 2008ರಲ್ಲಿ ನೊಬೆಲ್ ಪಡೆದರು. ವೈರಸ್ ತಗಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಬೇಕು. ಇಷ್ಟು ಕಾಲಾವಕಾಶ ಕೊಡುವ ಕ್ಯಾನ್ಸರ್ ಬೇರೆ ಎಲ್ಲಿದೆ?

ಇದರ ಬಗ್ಗೆ ಜಗತ್ತು ನೆಚ್ಚಿಕೊಂಡಿರುವ ಅಧ್ಯಯನಗಳು ನಡೆದದ್ದು ನಮ್ಮ ಪಕ್ಕದ ರಾಜ್ಯದಲ್ಲಿ. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ, ಈಗಿನ ಧಾರಾಶಿವದ, ಹಳ್ಳಿಗಳಲ್ಲಿ 30ರಿಂದ 59 ವರ್ಷದ 1,31,746 ಹೆಂಗಸರ ಮೇಲೆ ನಡೆದದ್ದು 2009ರಲ್ಲಿ ಪ್ರಕಟವಾಯಿತು. ಜೀವಮಾನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್ ಮಾಡಿದ್ದಕ್ಕೆ ಗರ್ಭಕಂಠದ ಕ್ಯಾನ್ಸರಿನ ಸಾವು ಅರ್ಧದಷ್ಟು ಇಳಿದಿತ್ತು. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ಸುರೇಂದ್ರ ಶಾಸ್ತ್ರಿ ಅವರ ತಂಡ ಇನ್ನೂ ಸರಳ ದಾರಿ ಹಿಡಿಯಿತು. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾಯುವುದು. ಕೆಟ್ಟ ಜೀವಕೋಶ ಇರುವ ಜಾಗ ಬೆಳ್ಳಗಾಗುತ್ತದೆ. ನೋಡಿದವರು ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಒಂದೂವರೆ ಲಕ್ಷ ಹೆಂಗಸರ ಆ ಅಧ್ಯಯನದಲ್ಲಿ ಸಾವು ನೂರಕ್ಕೆ 31 ಕಡಿಮೆಯಾಯಿತು. ಹೋಲಿಕೆಗೆಂದು ತಪಾಸಣೆ ಮಾಡದೆ ಬಿಟ್ಟ ಇನ್ನರ್ಧ ಹೆಂಗಸರ ಪಾಡೇನು ಎಂಬ ಆಕ್ಷೇಪ ಆಮೇಲೆ ಎದ್ದಿತು. ನನಗೂ ಅದು ಸರಿಯಾದ ಪ್ರಶ್ನೆ ಅನಿಸುತ್ತದೆ.

ಅಸಿಟಿಕ್ ಆಮ್ಲ ಎಂದರೆ ವಿನೆಗರಿನ ಹುಳಿ. ಇದನ್ನು ಲೈನ್‌ಮನೆಯ ಜಗಲಿಯಲ್ಲಿ ಕೂತು ವಿವರಿಸುತ್ತಿದ್ದಾಗ ಒಬ್ಬಾಕೆ "ಕಾಚಂಪುಳಿನಾ?" ಎಂದು ಕೇಳಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದಲ್ಲ, ನಮ್ಮ ಕೊಡಗಿನ ಆ ಕಪ್ಪು ಹುಳಿಯನ್ನು ಹಂದಿಕರಿಗೇ ಇಟ್ಟುಕೊಳ್ಳಿ ಎಂದೆ. ನಕ್ಕ ಮೇಲೆ ಮಾತು ಸಲೀಸಾಯಿತು. 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಮಾಡಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ದುಡ್ಡಿಲ್ಲ, ಕೊಯ್ಯುವುದಿಲ್ಲ. ಬಿಳಿ ಮಚ್ಚೆ ಕಂಡರೆ ಎಷ್ಟೋ ಸಲ ಬಿಸಿ ತಾಗಿಸಿ ಅಲ್ಲೇ ಸುಟ್ಟುಬಿಡಬಹುದು. ನೋಡುವವರ ಕಣ್ಣಿನ ಮೇಲೆ ನಿಂತ ಟೆಸ್ಟ್ ಆದ್ದರಿಂದ ತಪ್ಪೂ ಆಗುತ್ತದೆ, ಮುಟ್ಟು ನಿಂತವರಲ್ಲಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಎಚ್‌ಪಿವಿ ಟೆಸ್ಟನ್ನೇ ಮೊದಲಿಗೆ ಮಾಡಿ ಎನ್ನುತ್ತಿದೆ. ಅದರಲ್ಲಿ ಹೆಂಗಸರು ತಾವೇ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆದು ಕೊಡಬಹುದು, ಯಾರ ಮುಂದೆಯೂ ಮಲಗಬೇಕಿಲ್ಲ. ನಾಚಿಕೆಯ ತೊಡಕು ಅಲ್ಲಿಗೆ ಬಿಡುತ್ತದೆ. ಅದು ನಮ್ಮ ಲೈನ್‌ಮನೆಗಳಿಗೆ ಬಂದ ದಿನ ನಾನು ಕಣ್ಣು ಮುಚ್ಚಿಕೊಂಡು ಒಪ್ಪುತ್ತೇನೆ. ಅಲ್ಲಿಯವರೆಗೆ ವಿನೆಗರ್ ಸಾಕು.

ನಾಚಿಕೆಗಿಂತ ದೊಡ್ಡ ತೊಡಕು ಕೂಲಿ. ಕೊಯ್ಲಿನ ಕಾಲದಲ್ಲಿ ಕಿಲೋ ಲೆಕ್ಕದ ದುಡ್ಡು, ಅರ್ಧ ದಿನ ಬಿಟ್ಟು ಯಾರು ಬರುತ್ತಾರೆ? "ನಮಗೇನೂ ಆಗಿಲ್ಲವಲ್ಲ ಅಕ್ಕಾ" ಎನ್ನುತ್ತಾರೆ. ಆದ ಮೇಲೆ ಎಷ್ಟು ದಿನ ಹೋಗುತ್ತದೆ ಎಂಬುದನ್ನು ನೋಡಿದವರೇ ಹೇಳಬೇಕು. ಐದು ವಾರ ದಿನಾ ಕರೆಂಟು, ಅಂದರೆ ವಿಕಿರಣ. ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ. ಆಮೇಲೆ ಒಳಗಿನಿಂದ ವಿಕಿರಣ ಕೊಡುವ ಬ್ರೇಕಿಥೆರಪಿ. ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು, ಎಳೆದಷ್ಟೂ ಫಲ ಕಡಿಮೆ. ಇದಕ್ಕೆ ನಮ್ಮವರು ಮೈಸೂರಿಗೆ, ಮಂಗಳೂರಿಗೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ, ವಿರಾಜಪೇಟೆ ಕಡೆಯವರು ಮಾಕುಟ್ಟ ಘಟ್ಟ ಇಳಿದು ತಲಶ್ಶೇರಿಗೂ ಹೋಗುವುದಿದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಂಗಳೂರು ರಸ್ತೆ ಮುಚ್ಚಿದಾಗ, ಅರ್ಧ ಕರೆಂಟು ಆಗಿದ್ದ ಒಬ್ಬಾಕೆ ಊರಿಗೆಂದು ಬಂದವರು ವಾಪಸ್ ಹೋಗಲಾಗದೆ ಉಳಿದರು. ರಸ್ತೆ ತೆರೆದಾಗ ಹೋಗುವ ಮನಸ್ಸೂ ಉಳಿದಿರಲಿಲ್ಲ. 2024ರಲ್ಲಿ ಪ್ರಕಟವಾದ ಇಂಟರ್‌ಲೇಸ್ ಅಧ್ಯಯನ, ವಿಕಿರಣಕ್ಕೆ ಮುಂಚೆ ಆರು ವಾರ ಕಾರ್ಬೋಪ್ಲಾಟಿನ್-ಪ್ಯಾಕ್ಲಿಟಾಕ್ಸೆಲ್ ಕೊಟ್ಟರೆ ಐದು ವರ್ಷ ಉಳಿಯುವವರು ನೂರಕ್ಕೆ 72ರಿಂದ 80 ಆಗುತ್ತಾರೆ ಎಂದಿದೆ. ಹಳೆಯ, ಅಗ್ಗದ ಮದ್ದುಗಳು, ಚಿಕ್ಕಮ್ಮನಿಗೆ ಕೊಟ್ಟವೇ. ಒಳ್ಳೆಯ ಸುದ್ದಿ. ಆದರೆ ಊರು ಬಿಟ್ಟು ಇರಬೇಕಾದ ಲೆಕ್ಕಕ್ಕೆ ಇನ್ನಾರು ವಾರ ಸೇರಿತು ಎಂದೂ ನನಗೆ ಕಾಣುತ್ತದೆ.

ಹೆಣ್ಣುಮಕ್ಕಳಿರುವವರಿಗೆ ಲಸಿಕೆಯ ವಿಷಯ. ಇದರಲ್ಲೂ ಭಾರತದ ಕಥೆಯೇ ದೊಡ್ಡದು. 2009ರಲ್ಲಿ ಇಲ್ಲಿ ಎರಡು ಡೋಸ್ ಸಾಕೋ ಮೂರು ಬೇಕೋ ಎಂದು ನೋಡುವ ಅಧ್ಯಯನ ಶುರುವಾಯಿತು. 2010ರಲ್ಲಿ ಸರ್ಕಾರ ಲಸಿಕೆಯ ಅಧ್ಯಯನಗಳನ್ನೆಲ್ಲ ತಡೆದಾಗ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು. ಅವರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದರೆ ಈ ವೈರಸ್ಸಿನ ಅಪಾಯದ ಬಗೆಗಳಾದ ಎಚ್‌ಪಿವಿ 16 ಮತ್ತು 18 ಬೇರೂರದಂತೆ ತಡೆಯುವುದರಲ್ಲಿ ಒಂದು ಡೋಸೂ ಹೆಚ್ಚುಕಡಿಮೆ ಮೂರರಷ್ಟೇ ಕೆಲಸ ಮಾಡಿತ್ತು, ನೂರಕ್ಕೆ ಸುಮಾರು 95. ಒಂದು ಡೋಸೂ ಸಾಲಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದರ ಹಿಂದೆ ಈ ಹುಡುಗಿಯರಿದ್ದಾರೆ. 2023ರಿಂದ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ ಕೂಡ ಸಿಗುತ್ತಿದೆ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಒಳ್ಳೆಯದು. ಲಸಿಕೆ ಹಾಕಿಸಿಕೊಂಡವರೂ ಮೂವತ್ತಾದ ಮೇಲೆ ತಪಾಸಣೆ ಬಿಡಬಾರದು.

ಮೂರನೆಯ ಕಾಯಿಲೆಗೆ, ಗರ್ಭಕೋಶದ ಒಳಪದರದ್ದಕ್ಕೆ, ನಮ್ಮ ಲ್ಯಾಬಿನ ಯಾವ ಟೆಸ್ಟೂ ಬೇಡ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರ ಹತ್ತಿರ ಹೋಗಿ. ಉಷ್ಣ, ತೋಟದಲ್ಲಿ ಭಾರ ಎತ್ತಿದ್ದು ಎಂದು ಕಾರಣ ಹುಡುಕಬೇಡಿ. ಹಾಗೆ ರಕ್ತ ಕಂಡ ನೂರು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೇ ಕ್ಯಾನ್ಸರ್ ಇರುವುದು. ಆದರೆ ಈ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಗೆ ರಕ್ತವೇ ಮೊದಲ ಸೂಚನೆ. ಸ್ಕ್ಯಾನಿಂಗ್‌ನಲ್ಲಿ ಒಳಪದರ 4 ಮಿಲಿಮೀಟರಿಗಿಂತ ದಪ್ಪವಿದ್ದರೆ ಚೂರು ತೆಗೆದು ನೋಡುತ್ತಾರೆ. ದಪ್ಪ ಮೈ, ಶುಗರ್ ಇರುವವರು ಇನ್ನೂ ಎಚ್ಚರವಿರಬೇಕು.

ಈಗ ಕೌಂಟರಿನಲ್ಲಿ ಸಿಎ-125 ಕೇಳಿದವರಿಗೆ ನಾನು ಕೇಳುವುದು ಇಷ್ಟೆ: ಹೊಟ್ಟೆಯಲ್ಲಿ ಹೊಸ ತೊಂದರೆ ಏನಾದರೂ ಇದೆಯಾ, ಮನೆಯಲ್ಲಿ ತಾಯಿ, ಅಕ್ಕತಂಗಿ, ಸೋದರತ್ತೆ, ಚಿಕ್ಕಮ್ಮ ಯಾರಿಗಾದರೂ ಅಂಡಾಶಯದ್ದೋ ಸ್ತನದ್ದೋ ಕ್ಯಾನ್ಸರ್ ಆಗಿತ್ತಾ, ಗರ್ಭಕಂಠದ ತಪಾಸಣೆ ಯಾವಾಗ ಮಾಡಿಸಿದಿರಿ. ಮೂರನೆಯದಕ್ಕೆ ಬರುವ ಉತ್ತರ ಹೆಚ್ಚಾಗಿ "ಅದೆಂಥದ್ದು?" ಎಂದೇ. ಆಗ ತಾಲ್ಲೂಕು ಆಸ್ಪತ್ರೆಯ ಕೋಣೆ ಎಲ್ಲಿದೆ ಎಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಯಜಮಾನರು ಮೊನ್ನೆ ಆ ಚೀಟಿ ನೋಡಿ "ನಿನಗೆ ಸಂಬಳ ಕೊಡೋದು ನಾನಾ ಸರ್ಕಾರನಾ?" ಎಂದರು. ಆದರೂ ಅವರ ಹೆಂಡತಿ ಮರುದಿನ ಫೋನ್ ಮಾಡಿ ಯಾವ ದಿನ ಹೋದರೆ ರಶ್ ಕಮ್ಮಿ ಎಂದು ವಿಚಾರಿಸಿದರು.

ನಮ್ಮ ಕಡೆಯ ಒಂದು ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಮಾತಾಡಿದ್ದೇನೆ. ಹೆಂಗಸರಿಗೆ ಅರ್ಧ ದಿನದ ಸಂಬಳ ಕೊಟ್ಟು ತೋಟದ ಜೀಪಿನಲ್ಲೇ ಆಸ್ಪತ್ರೆಗೆ ಕಳಿಸಲು ಸಾಹುಕಾರರು ಒಪ್ಪಿದ್ದಾರಂತೆ, ಆದರೆ ಮೆಣಸಿನ ಕೊಯ್ಲು ಮುಗಿಯಲಿ ಎಂದಿದ್ದಾರೆ. ಈ ವರ್ಷ ಮೆಣಸು ತಡ. ಏಪ್ರಿಲ್ ಕೊನೆಗೆ ಮತ್ತೆ ಫೋನ್ ಮಾಡಬೇಕು.